ಜೀವಶಾಸ್ತ್ರದ ವಿದ್ಯಾರ್ಥಿ ಎಲ್ಲಿ ಕಲಿಯಬೇಕು?

ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ನಮ್ಮ ಊರೂರುಗಳಲ್ಲಿ ಒಂದೇ ಪ್ರಶ್ನೆಯು ಕೇಳಿಬರುವದು: ಮಗುವಿಗೆ ವೈದ್ಯಕೀಯದಲ್ಲಿ ಸ್ಥಾನ ಸಿಕ್ಕಿತೇ? ಸಿಕ್ಕಿದರೆ ಪೇಢೆ ಹಂಚುವರು. ಸಿಗದಿದ್ದರೆ ಹೊಲ ಮಾರಿ ಖಾಸಗಿ ಕಾಲೇಜಿಗೆ ಹಣ ಕಟ್ಟುವದೋ, ಇನ್ನೊಂದು ವರ್ಷ ತರಬೇತಿಯ ತರಗತಿಗೆ ಕಳಿಸುವದೋ ಎಂಬ ಚಿಂತೆಯಲ್ಲಿ ಪಾಲಕರು ಮುಳುಗುವರು. ಮಗುವಿನ ಒಲವು ಯಾವದರ ಕಡೆಗಿದೆಯೆಂದು ಕೇಳುವವರು ವಿರಳ. ಹೊಂಡದ ದಂಡೆಯಲ್ಲಿ ಕುಳಿತು ಕಪ್ಪೆಯ ಮೊಟ್ಟೆ ಮರಿಯಾಗುವದನ್ನು ದಿನಗಟ್ಟಲೆ ನೋಡಿದ ಹುಡುಗನೂ, ಜೋಳದ ತೆನೆಗೆ ಬಂದ ಕಾಡಿಗೆ ರೋಗವು ಪಕ್ಕದ ಹೊಲಕ್ಕೇಕೆ ಬರಲಿಲ್ಲವೆಂದು ಪ್ರಶ್ನಿಸಿದ ಹುಡುಗಿಯೂ ವೈದ್ಯರೇ ಆಗಬೇಕೆಂಬ ಕಟ್ಟಳೆ ಎಲ್ಲಿಯದು?

ವೈದ್ಯವೃತ್ತಿಯು ಪೂಜ್ಯವಾದುದು, ಅದರ ಬಗ್ಗೆ ನಮ್ಮ ಆಕ್ಷೇಪವಿಲ್ಲ. ಆದರೆ ಜೀವಶಾಸ್ತ್ರವೆಂಬ ದೊಡ್ಡ ಮನೆಗೆ ಅದೊಂದೇ ಬಾಗಿಲಲ್ಲ. ಉಳಿದ ಬಾಗಿಲುಗಳಲ್ಲಿ ಹಲವು ಬಡವನಿಗೂ ತೆರೆದಿರುವವು. ಅವು ಎಲ್ಲಿವೆ, ಯಾವಾಗ ತೆರೆಯುತ್ತವೆ ಎಂಬದನ್ನು ವೇಳೆಗೆ ಸರಿಯಾಗಿ ಹೇಳುವವರಿಲ್ಲದುದೇ ನಮ್ಮ ಕೊರತೆ. ಶಿಕ್ಷಣದಲ್ಲಿ ಎಲ್ಲಕ್ಕಿಂತ ದುಬಾರಿಯಾದುದು ಶುಲ್ಕವಲ್ಲ, ಅಜ್ಞಾನವೆಂದು ನಾವು ಸ್ಪಷ್ಟವಾಗಿ ಹೇಳಬಯಸುವೆವು.

ಮೊದಲು ಮನೆಯ ಬಳಿಯ ಕಾಲೇಜನ್ನು ನೋಡೋಣ. ಕಾಲೇಜಿನ ಖರ್ಚೆಂದರೆ ಶುಲ್ಕವಷ್ಟೇ ಅಲ್ಲ. ಕೋಣೆಯ ಬಾಡಿಗೆ, ಊಟ, ಪ್ರಯಾಣ, ಪುಸ್ತಕ ಇವೆಲ್ಲವನ್ನೂ ಕೂಡಿಸಿ, ಪದವಿಗೆ ತಗಲುವ ವರ್ಷಗಳಿಂದ ಗುಣಿಸಿದ ಬಳಿಕವೇ ಯಾವದು ಅಗ್ಗ, ಯಾವದು ತುಟ್ಟಿ ಎಂಬದು ತಿಳಿಯುವದು. ಕರ್ನಾಟಕ ಸರಕಾರವು 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯ ಕ್ರಮವನ್ನು ಕೈಬಿಟ್ಟು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು, ಮೈಸೂರಿನ ಯುವರಾಜ ಕಾಲೇಜು ಮುಂತಾದವು ವಿಶ್ವವಿದ್ಯಾಲಯಗಳೇ ನಡೆಯಿಸುವ ಸಂಸ್ಥೆಗಳು. ಅನೇಕ ತಾಲೂಕು ಸ್ಥಳಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅನ್ನ ವಸತಿಗೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ವಾರಾನ್ನದಿಂದಲೂ, ಮಠಗಳ ದಾಸೋಹದಿಂದಲೂ ವಿದ್ಯೆ ಗಳಿಸಿದವರ ನಾಡು ಇದು.

ಇಂಥ ಕಾಲೇಜಿನಲ್ಲಿ ಕಲಿತವನು ಮುಂದೆ ಬರಲಾರನೆಂಬ ಅಂಜಿಕೆಯು ಬೇಡ. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತರು. ಅನಂತರ ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜೆಂಬ ಸರಕಾರಿ ಸಂಸ್ಥೆಯಲ್ಲಿಯೇ ದೀರ್ಘಕಾಲ ಪಾಠ ಹೇಳಿದರು. ಅವರು ಕನ್ನಡದಲ್ಲಿ ಬರೆದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಇಂದಿನ ವಿದ್ಯಾರ್ಥಿಗೆ ಪದವಿಯ ತರುವಾಯ ಎರಡನೆಯ ಬಾಗಿಲೂ ಉಂಟು. ಜಾಮ್ ಎಂಬ ಅಖಿಲ ಭಾರತ ಪರೀಕ್ಷೆಯಲ್ಲಿ ಜೈವಿಕ ತಂತ್ರಜ್ಞಾನದ ಪತ್ರಿಕೆಯೊಂದಿದೆ. ಅದರಲ್ಲಿ ಉತ್ತಮ ಸ್ಥಾನ ಪಡೆದವರಿಗೆ ಐ.ಐ.ಟಿ.ಗಳ ಸ್ನಾತಕೋತ್ತರ ತರಗತಿಗಳಿಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ. ಶಿಕ್ಷಣಕ್ಕೂ ಹೋಗುವ ದಾರಿಯಿದೆ. ಮೂರು ವರ್ಷ ಮನೆಯ ಬಳಿ ಕಡಿಮೆ ಖರ್ಚಿನಲ್ಲಿ ಕಲಿತು, ಆ ಬಳಿಕ ದೊಡ್ಡ ಸಂಸ್ಥೆಯನ್ನು ಸೇರುವದು ಬಡ ಮನೆತನಕ್ಕೆ ಒಪ್ಪುವ ಮಾರ್ಗವಲ್ಲವೇ?

ಪದವಿಪೂರ್ವದಿಂದ ನೇರವಾಗಿ ದೊಡ್ಡ ಸಂಸ್ಥೆಗೆ ಹೋಗಬಲ್ಲ ಮಕ್ಕಳೂ ನಮ್ಮಲ್ಲಿರುವರು. ಕೇಂದ್ರ ಸರಕಾರವು ಸ್ಥಾಪಿಸಿದ, ಐಸರ್ ಎಂದು ಕರೆಯಲ್ಪಡುವ ವಿಜ್ಞಾನ ಶಿಕ್ಷಣ ಸಂಸ್ಥೆಗಳು ಪುಣೆ, ಕೋಲ್ಕತಾ, ಮೊಹಾಲಿ, ಭೋಪಾಲ, ತಿರುವನಂತಪುರ, ತಿರುಪತಿ, ಬ್ರಹ್ಮಪುರ ಎಂಬ ಏಳು ಊರುಗಳಲ್ಲಿವೆ. ಭುವನೇಶ್ವರದಲ್ಲಿ ನೈಸರ್ ಎಂಬ ಇದೇ ಬಗೆಯ ಸಂಸ್ಥೆಯಿದೆ. ಅದರ ಪ್ರವೇಶ ಪರೀಕ್ಷೆಗೆ ನೆಸ್ಟ್ ಎಂದು ಹೆಸರು. ಇವುಗಳಲ್ಲಿ ಐದು ವರ್ಷದ ಸಂಯುಕ್ತ ಪದವಿಯಿದೆ, ಪ್ರಯೋಗಶಾಲೆಗಳು ಸುಸಜ್ಜಿತವಾಗಿವೆ. ಶುಲ್ಕವು ಊರ ಕಾಲೇಜಿಗಿಂತ ಹೆಚ್ಚು, ನಿಜ. ಆದರೆ ಅರ್ಹರ ಕೈಹಿಡಿಯಲು 2008ರಲ್ಲಿ ಇನ್‌ಸ್ಪೈರ್ ಎಂಬ ಕೇಂದ್ರದ ಯೋಜನೆಯು ಹುಟ್ಟಿತು. ಮೂಲ ವಿಜ್ಞಾನಗಳನ್ನು ಕಲಿಯುವವರಿಗೆ ವರ್ಷಕ್ಕೆ 80,000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಅದರಲ್ಲಿ ಗೊತ್ತುಮಾಡಲಾಯಿತು. ಊರ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಜಾಣರಿಗೂ ಅದು ಸಲ್ಲುವದೆಂಬದು ಎಷ್ಟು ಮಂದಿಗೆ ಗೊತ್ತು? ಆಯಾ ವರ್ಷದ ನಿಯಮಗಳನ್ನು ನೋಡಿಕೊಂಡು ಅರ್ಜಿ ಹಾಕತಕ್ಕದ್ದು.

ಇಲ್ಲಿಯೇ ವೇಳೆಯ ಮಾತು ಬರುವದು. 2025ರಲ್ಲಿ ಐಸರ್ ಪ್ರವೇಶ ಪರೀಕ್ಷೆಯು ಮೇ ತಿಂಗಳಲ್ಲಿಯೇ ಮುಗಿದುಹೋಯಿತು. ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶವು ಬಂದದ್ದು ಜೂನ್‌ನಲ್ಲಿ. ಆ ಫಲಿತಾಂಶವನ್ನು ಕಂಡು ನಿರಾಶೆಗೊಂಡು, ಬೇರೆ ದಾರಿಯನ್ನು ಹುಡುಕಹೊರಟ ವಿದ್ಯಾರ್ಥಿಗೆ ಆ ವರ್ಷದ ಬಾಗಿಲು ಆಗಲೇ ಮುಚ್ಚಿತ್ತು. ಆದುದರಿಂದ ಎರಡಕ್ಕೂ ಮೊದಲೇ ಅರ್ಜಿ ಹಾಕಿರಬೇಕು. ಐಸರ್ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳೂ ಇರುವದರಿಂದ, ಜೀವಶಾಸ್ತ್ರಕ್ಕೆ ಗಣಿತವೇಕೆಂದು ಪದವಿಪೂರ್ವದಲ್ಲಿ ಅದನ್ನು ಬಿಡುವದು ಹಿತವಲ್ಲ.

ಮೂರನೆಯ ದಾರಿಯು ನೆಲಕ್ಕೆ ಹತ್ತಿರವಾದುದು. ಬೆಂಗಳೂರು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಕಾಲೇಜು, 1969ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು, ಇವೆಲ್ಲವೂ ಜೀವಶಾಸ್ತ್ರದ ಮನೆಗಳೇ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಹಂಚುವ ಸರಕಾರಿ ಸ್ಥಾನಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ನೂರಕ್ಕೆ 5 ಮೀಸಲಿವೆ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲೂ ಉಂಟು. ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ಪ್ರಮಾಣಪತ್ರವನ್ನು ವೇಳೆಗೆ ಪಡೆಯದೆ, ತಮಗೆ ಸಲ್ಲಬೇಕಾದ ಸ್ಥಾನವನ್ನು ನಮ್ಮ ಮಕ್ಕಳು ಕಳೆದುಕೊಳ್ಳುವದು ಶೋಚನೀಯವು. ಶಿಕ್ಷಕರಾಗಬಯಸುವವರಿಗೆ, 1963ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಯುವ ಅನುಕೂಲವಿದೆ.

ಯಾವ ಕಾಲೇಜನ್ನೇ ಆಗಲಿ, ಹಣ ಕಟ್ಟುವ ಮೊದಲು ಪಾಲಕರು ಒಮ್ಮೆ ಹೋಗಿ ನೋಡಬೇಕು. ಕಟ್ಟಡದ ಮುಂಭಾಗಕ್ಕೆ ಮರುಳಾಗದೆ ಪ್ರಯೋಗಶಾಲೆಯ ಬೀಗ ತೆಗೆಯಿಸಿರಿ. ಒಂದು ಸೂಕ್ಷ್ಮದರ್ಶಕಕ್ಕೆ ವಿದ್ಯಾರ್ಥಿಗಳೆಷ್ಟು? ಕಾಯಂ ಅಧ್ಯಾಪಕರೆಷ್ಟು ಮಂದಿ? ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕಾಡಿಗೆ, ಕೆರೆಗೆ, ಕಡಲ ದಂಡೆಗೆ ಕರೆದೊಯ್ಯುವರೇ? ಜೈವಿಕ ತಂತ್ರಜ್ಞಾನವೆಂದು ಹಲಗೆ ತೂಗಿಸಿದ ಮಾತ್ರಕ್ಕೆ ಅದು ಒಳಗೆ ಇರುವದೆಂದು ನಂಬಬಾರದು. ಅಲ್ಲಿ ಕಲಿಯುತ್ತಿರುವ ಹಿರಿಯ ವಿದ್ಯಾರ್ಥಿಗಳಿಬ್ಬರನ್ನು ಮಾತನಾಡಿಸಿದರೆ ಬಹಳಷ್ಟು ಸಂಗತಿಗಳು ತಿಳಿದುಬರುವವು.

ಸರಕಾರಕ್ಕೂ ನಮ್ಮ ಮಾತೊಂದಿದೆ. ಊರ ಕಾಲೇಜುಗಳು ಅಗ್ಗವಾಗಿದ್ದರೆ ಸಾಲದು, ಒಳ್ಳೆಯವೂ ಆಗಿರಬೇಕು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಭಾರವನ್ನೆಲ್ಲ ಹೊರಿಸಿ, ಖಾಲಿ ಹುದ್ದೆಗಳನ್ನು ಹಾಗೆಯೇ ಇಡುವದು ಬಡ ವಿದ್ಯಾರ್ಥಿಗೆ ಮಾಡುವ ಅನ್ಯಾಯ. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದಾಗಿದೆ. ಐಸರ್, ನೈಸರ್‌ಗಳ ಪರೀಕ್ಷೆಗಳಲ್ಲಿ ಕನ್ನಡಕ್ಕೆ ಎಡೆಯಿಲ್ಲದಿರುವದೇಕೆ? ಜೀವಕೋಶದ ರಚನೆಯನ್ನು ಬಲ್ಲ ಮಗುವಿಗೆ ಪ್ರಶ್ನೆಯ ಭಾಷೆಯೇ ಅಡ್ಡಗೋಡೆಯಾಗುವದು ನ್ಯಾಯವಲ್ಲ.

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ. ಸರಕಾರವು ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲ. ಜನವರಿ ತಿಂಗಳಲ್ಲಿ ನಿಮ್ಮ ಶಾಲೆಯ, ಪದವಿಪೂರ್ವ ಕಾಲೇಜಿನ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿರಿ. ಯಾವ ಪರೀಕ್ಷೆ, ಅರ್ಜಿಯ ಕೊನೆಯ ದಿನ ಯಾವದು, ಯಾವ ಪ್ರಮಾಣಪತ್ರ ಬೇಕು, ಯಾವ ವಿದ್ಯಾರ್ಥಿವೇತನವಿದೆ, ಇಷ್ಟನ್ನು ಕನ್ನಡದಲ್ಲಿ ಅದರ ಮೇಲೆ ಬರೆಯಿರಿ. ಅರ್ಜಿ ತುಂಬಲಾರದವನ ಪಕ್ಕದಲ್ಲಿ ಅರ್ಧ ತಾಸು ಕೂಡ್ರಿರಿ. ಅದಕ್ಕೆ ತಗಲುವ ಖರ್ಚು ಒಂದು ಹಾಳೆ, ಒಂದಿಷ್ಟು ಅಂಟು. ಅದರಿಂದ ಒಂದು ಮನೆತನದ ಹೊಲ ಉಳಿಯಬಹುದು. ನಾಡಿಗೆ ಒಬ್ಬ ವಿಜ್ಞಾನಿ ದೊರೆಯಬಹುದು.