ಪಟ್ಟಿಯಲ್ಲಿ ಶೂನ್ಯ ಬರೆಯುವ ಮುನ್ನ: ವಿಜಯನಗರ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ



2025ರ ಜುಲೈ 24ರಂದು ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ವಿಷಕಾರಿ ತ್ಯಾಜ್ಯ ಸುರಿದು ಕೆಟ್ಟುಹೋದ ನೆಲವನ್ನು ಗುರುತಿಸಿ, ಪರೀಕ್ಷಿಸಿ, ಶುದ್ಧಗೊಳಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿನ ಆಧಾರ ಸಿಕ್ಕಿದ್ದು ಇದೇ ಮೊದಲು. ಈ ನಿಯಮಗಳ ಪ್ರಕಾರ ಮೊದಲ ಹೆಜ್ಜೆ ಇಡಬೇಕಾದವರು ದೆಹಲಿಯವರೂ ಅಲ್ಲ, ಬೆಂಗಳೂರಿನವರೂ ಅಲ್ಲ. ಜಿಲ್ಲಾಡಳಿತ ಮತ್ತು ಸ್ಥಳೀಯ ಸಂಸ್ಥೆಗಳು. ತಮ್ಮ ವ್ಯಾಪ್ತಿಯಲ್ಲಿ ಕಲುಷಿತವಾಗಿರಬಹುದೆಂಬ ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಅವರು ಕೊಡಬೇಕು. ಆ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ ಮುಗಿಸಬೇಕು, ಅನುಮಾನ ಗಟ್ಟಿಯಾದರೆ ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ನಡೆಸಬೇಕು. ಕೆಡಿಸಿದವರು ಯಾರೆಂದು ಪತ್ತೆ ಹಚ್ಚುವುದಕ್ಕೂ ಮಂಡಳಿಗೆ 90 ದಿನಗಳ ಗಡುವಿದೆ. ಈ ದಿನಗಳ ಲೆಕ್ಕವೆಲ್ಲ ಶುರುವಾಗುವುದು ಜಾಗದ ಹೆಸರು ಪಟ್ಟಿಯಲ್ಲಿ ಬಿದ್ದ ಮೇಲೆ. ಪಟ್ಟಿಗೆ ಸೇರದ ಜಾಗಕ್ಕೆ ಪರೀಕ್ಷೆಯೂ ಇಲ್ಲ, ಹೊಣೆಗಾರನೂ ಇಲ್ಲ, ಪರಿಹಾರವೂ ಇಲ್ಲ. ಆದ್ದರಿಂದ ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ಮಾತು: ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲೂಕುಗಳ ಮುಂದೆ, ಹುಡುಕಿ ನೋಡದೆ, ಶೂನ್ಯ ಎಂದು ಬರೆಯಲು ಬಿಡಬೇಡಿ.

ಹಾಗೆ ಬರೆಯುವುದಕ್ಕೆ ಕಾರಣ ಸುಲಭವಾಗಿ ಸಿಗುತ್ತದೆ ಎಂಬುದು ನನಗೆ ಗೊತ್ತು. ಇವು ಮಳೆಯಾಶ್ರಿತ ತಾಲೂಕುಗಳು. ಇಲ್ಲಿನ ದುಡಿಮೆ ಮೆಕ್ಕೆಜೋಳ, ಶೇಂಗಾ, ಕುರಿ. ರಾಸಾಯನಿಕ ಕಾರ್ಖಾನೆಗಳ ಸಾಲು ಇರುವುದು ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ. ಗಣಿಯ ಕೆಂಧೂಳು ಸಂಡೂರಿನ ಸಂಕಟ. ನಮ್ಮಲ್ಲಿ ಏನಿದೆ ಎಂದು ತಹಶೀಲ್ದಾರರ ಕಚೇರಿಯಿಂದ ಉತ್ತರ ಬಂದರೆ ಅದು ಸುಳ್ಳು ಹೇಳುವ ಉದ್ದೇಶದಿಂದ ಬಂದದ್ದಾಗಿರುವುದಿಲ್ಲ. ಆದರೆ ನೆಲ ಕೆಡುವುದಕ್ಕೆ ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ಡಿ ಎಂಬ ಹಳ್ಳಿಯಲ್ಲಿ 1980ರ ದಶಕದ ಕೊನೆಗೆ ಬಟ್ಟೆಯ ಬಣ್ಣಕ್ಕೆ ಬೇಕಾದ ಎಚ್-ಆಸಿಡ್ ತಯಾರಾಯಿತು. ಒಟ್ಟು ತಯಾರಿಕೆ 375 ಟನ್ನಿನಷ್ಟು, ಉಳಿದ ವಿಷದ ರಾಡಿ ಸುಮಾರು 2,500 ಟನ್. ಆ ರಾಡಿ ಬಯಲಲ್ಲಿ ಬಿದ್ದು ಮಳೆಯಲ್ಲಿ ಇಂಗಿ, ಸುತ್ತಲಿನ ಬಾವಿಗಳ ನೀರನ್ನು ಕುಡಿಯಲು ಬಾರದಂತೆ, ಬೆಳೆಗೂ ಆಗದಂತೆ ಮಾಡಿತು. ಕಾರ್ಖಾನೆ ನಡೆದದ್ದು ಅಲ್ಪಕಾಲ, ನೀರು ಕೆಟ್ಟದ್ದು ಒಂದು ತಲೆಮಾರಿಗೆ. ಬಾವಿಯನ್ನೇ ನಂಬಿದ ಊರಿಗೆ ಅಷ್ಟು ಸಾಕು. ಕೊಳವೆಬಾವಿ ಬಿಟ್ಟರೆ ಗತಿಯಿಲ್ಲದ, ಆ ಕೊಳವೆಬಾವಿಯ ನೀರಲ್ಲಿ ಮೊದಲೇ ಫ್ಲೋರೈಡ್ ಬರುವ ನಮ್ಮ ಹಳ್ಳಿಗಳಿಗೆ ಇನ್ನೂ ಕಡಿಮೆ ಸಾಕು.

ಹಾಗಾದರೆ ನಮ್ಮ ತಾಲೂಕುಗಳಲ್ಲಿ ಎಲ್ಲಿ ನೋಡಬೇಕು? ಹೆದ್ದಾರಿಯ ಬದಿಯಲ್ಲಿ ಮೊದಲು. ಹೊಸಪೇಟೆ–ಚಿತ್ರದುರ್ಗ ರಸ್ತೆ ಕೂಡ್ಲಿಗಿಯನ್ನು ಹಾದು ಹೋಗುತ್ತದೆ. ಲಾರಿ, ಟ್ರ್ಯಾಕ್ಟರ್ ಓಡಾಡುವ ಕಡೆಯೆಲ್ಲ ಗ್ಯಾರೇಜು, ಬ್ಯಾಟರಿ ಅಂಗಡಿ, ಗುಜರಿ ಅಂಗಡಿಗಳಿರುತ್ತವೆ. ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ಊರಿನ ಲೆಕ್ಕದಲ್ಲಿ ಅದು ಸೆಂಟ್ರಿಂಗ್ ಹಲಗೆಗೆ ಬಳಿಯುವ, ಗೆದ್ದಲು ಹತ್ತದಂತೆ ಮರಕ್ಕೆ ಹಚ್ಚುವ ಸಾಮಾನು, ಉಳಿದದ್ದು ಚರಂಡಿಗೆ. ಬ್ಯಾಟರಿಯದು ಇನ್ನೂ ಗಂಭೀರ. ಒಂದೊಂದು ಟ್ರ್ಯಾಕ್ಟರ್ ಬ್ಯಾಟರಿಯಲ್ಲೂ ಕಿಲೋಗಟ್ಟಲೆ ಸೀಸ ಇರುತ್ತದೆ. ಅದನ್ನು ಬಯಲಲ್ಲಿ ಒಡೆದು, ಆಸಿಡ್ ನೆಲಕ್ಕೆ ಚೆಲ್ಲಿ, ಸೀಸವನ್ನು ಕರಗಿಸಿದ ಜಾಗದಲ್ಲಿ ಆ ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿಗೆ ಅಂಟಿಕೊಂಡು ದಶಕಗಟ್ಟಲೆ ಕೂರುತ್ತದೆ. ಮಣ್ಣಲ್ಲಿ ಆಡಿದ ಕೈಯನ್ನು ಬಾಯಿಗಿಡುವ ಮಗುವಿನ ಮಿದುಳಿಗೆ ಅದು ಮಾಡುವ ಹಾನಿಯನ್ನು ಸರಿಪಡಿಸಲು ಔಷಧಿಯಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿ, ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಕಾಳಜಿ ವಹಿಸಬೇಕಾದ ಮಟ್ಟವನ್ನು ದಾಟಿದೆ ಎಂದು ಅಂದಾಜಿಸಿತು. ಬ್ಯಾಟರಿಗಳನ್ನು ಕಂಡಕಂಡಲ್ಲಿ ಒಡೆದು ಕರಗಿಸುವುದು ಅದು ಎತ್ತಿ ಹೇಳಿದ ಮುಖ್ಯ ಕಾರಣಗಳಲ್ಲೊಂದು. ಈ ಮಕ್ಕಳೆಲ್ಲ ಮಹಾನಗರಗಳವರೇ ಎಂದು ನಂಬಲು ಕಾರಣವಿಲ್ಲ.

ಎರಡನೆಯದು ಹೊಲ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ನಮ್ಮ ರಾಜ್ಯದಲ್ಲಿ. ಅಲ್ಲಿಂದೀಚೆಗೆ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ರೂಢಿ ಬೆಳೆಯಿತು, ಕಳೆನಾಶಕ ಅದಕ್ಕೂ ಮೊದಲೇ ಬಂದಿತ್ತು. ಖಾಲಿ ಡಬ್ಬಿಗಳೇನಾಗುತ್ತವೆ? 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಅವನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆನ್ನುತ್ತದೆ. ಲಕ್ಷಾಂತರ ಡಬ್ಬಿಗಳ ಕಾಲಕ್ಕೆ ಈ ಮಾತು ಸಲ್ಲುವುದಿಲ್ಲ. ಹೂಳಿದ ವಿಷ ಎಲ್ಲಿಗೂ ಹೋಗುವುದಿಲ್ಲ. ಹೂಳುವ ಶ್ರಮವನ್ನೂ ಪಡದೆ ಬದುವಿನಲ್ಲಿ ಬಿಸಾಕಿದ್ದು ಹಳ್ಳ ಹಿಡಿದು ಕೆರೆ ಸೇರುತ್ತದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿ ಲೋಕಕ್ಕೆಲ್ಲ ಪರಿಚಯವಾಯಿತು. ಅದಕ್ಕೆ ಹರಿದು ಬರುವ ನೀರಿನಲ್ಲಿ ಏನಿದೆ ಎಂಬುದು ಆ ಗೌರವದಷ್ಟೇ ಮುಖ್ಯವಾದ ಸಂಗತಿ. ಮೂರನೆಯದು, ಪಟ್ಟಣಗಳ ಕಸದ ಗುಂಡಿಗಳು ಮತ್ತು ಕೈಬಿಟ್ಟ ಕಲ್ಲುಕ್ವಾರಿಗಳು. ಮನೆಯ ಟ್ಯೂಬ್‌ಲೈಟ್, ಬಣ್ಣದ ಡಬ್ಬಿ, ಸೆಲ್ಲು, ಹಳೆಯ ಮಾತ್ರೆಗಳನ್ನು ಬೇರೆಯಾಗಿ ಇಳಿಸಿಕೊಳ್ಳಲು ಪ್ರತಿ 20 ಚದರ ಕಿಲೋಮೀಟರಿಗೊಂದು ಕೇಂದ್ರ ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಆ ಮಾತು ಸಣ್ಣ ಪಟ್ಟಣಗಳನ್ನು ಮುಟ್ಟಲೇ ಇಲ್ಲ. ಕಸದ ರಾಶಿ ಹೊಸ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ನಿಜ, ಗಣಿ, ಕಸದ ರಾಶಿ, ವಿಕಿರಣ ತ್ಯಾಜ್ಯಗಳಿಗೆ ಬೇರೆ ಕಾನೂನುಗಳಿವೆ. ಆದರೆ ಅಂಥ ಜಾಗದಲ್ಲೂ ಅಪಾಯಕಾರಿ ವಸ್ತು ಬೆರೆತು ನಿಗದಿತ ಮಿತಿ ಮೀರಿದ್ದರೆ ಈ ನಿಯಮಗಳು ಅನ್ವಯಿಸುತ್ತವೆ. ಬೆರೆತಿದೆಯೋ ಇಲ್ಲವೋ ಎಂಬುದು ಪರೀಕ್ಷೆಯಿಂದ ತಿಳಿಯಬೇಕಾದದ್ದು, ಊಹೆಯಿಂದಲ್ಲ.

ಇನ್ನು ನದಿ. ಹರಪನಹಳ್ಳಿ, ಹಡಗಲಿ ತಾಲೂಕುಗಳ ಪಡುವಣ ಅಂಚು ತುಂಗಭದ್ರೆ. ಮೇಲ್ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. 1984ರಲ್ಲಿ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ತುಂಗಭದ್ರಾ ಪರಿಸರ ಸಮಿತಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಬೀದಿಗೂ ನ್ಯಾಯಾಲಯಕ್ಕೂ ಒಯ್ದವು. ಕರ್ನಾಟಕದ ಪರಿಸರ ಹೋರಾಟದ ಚರಿತ್ರೆಯಲ್ಲಿ ಇದೊಂದು ದೊಡ್ಡ ಅಧ್ಯಾಯ. ಮಂಡಳಿ 1974ರಲ್ಲೇ ಸ್ಥಾಪನೆಯಾಗಿತ್ತು, ನೀರಿನ ಕಾಯ್ದೆಯೂ ಇತ್ತು. ಆದರೂ ನದಿ ಕೆಟ್ಟಿದೆ ಎಂದು ಗಟ್ಟಿಯಾಗಿ ಹೇಳಿದವರು ಮೀನು ಹಿಡಿಯುವವರು, ದಂಡೆಯ ಹಳ್ಳಿಯವರು. ಇಂದು ಕಾರ್ಖಾನೆ ಬಿಡುವ ನೀರು ಹೇಗಿದೆ ಎಂಬುದು ಈ ಪತ್ರದ ವಿಷಯವಲ್ಲ. ಅಂದಿನ ವರ್ಷಗಳಲ್ಲಿ ಹರಿದುಬಂದದ್ದರಲ್ಲಿ ಎಷ್ಟು ಕೆಳದಂಡೆಯ ಮಡುಗಳ ಹೂಳಿನಲ್ಲಿ ಉಳಿದಿದೆ ಎಂಬುದನ್ನು ಪರೀಕ್ಷಿಸುವುದು ಬೇಡವೇ? ಅದೇ ನದಿಯ ನೀರನ್ನು ಹರಪನಹಳ್ಳಿಯ ಕೆರೆಗಳಿಗೆ ತುಂಬಿಸುತ್ತಿರುವ ಈ ಕಾಲದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಇಲ್ಲಿ ಹರಪನಹಳ್ಳಿಗೆ ಮಾತ್ರ ಇರುವ ಒಂದು ತೊಡಕನ್ನು ತಮ್ಮ ಗಮನಕ್ಕೆ ತರಬೇಕು. ಈ ತಾಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ ಪಾಲಾಯಿತು. ಕಲುಷಿತ ಜಾಗವನ್ನು ಗುರುತಿಸುವ ಕೆಲಸದಲ್ಲಿ ಮಣ್ಣಿನ ಪರೀಕ್ಷೆಗಿಂತ ಮೊದಲು ಬರುವುದು ಕಾಗದದ ಹುಡುಕಾಟ: ಯಾವ ಸರ್ವೆ ನಂಬರಿನಲ್ಲಿ ಯಾವ ಘಟಕಕ್ಕೆ ಯಾವಾಗ ಪರವಾನಗಿ ಕೊಟ್ಟರು, ಯಾವಾಗ ಮುಚ್ಚಿತು, ಊರಿನವರು ಏನೆಂದು ಅರ್ಜಿ ಕೊಟ್ಟಿದ್ದರು ಎಂಬುದು. ಆ ಕಾಗದಗಳು ಈಗ ಮೂರು ಜಿಲ್ಲಾ ಕೇಂದ್ರಗಳಲ್ಲಿ ಹಂಚಿಹೋಗಿರುವಂಥವು. ದಾವಣಗೆರೆ, ಬಳ್ಳಾರಿಗಳಿಂದ ಹಳೆಯ ಕಡತ ತರಿಸಿ ನೋಡದೆ ಹರಪನಹಳ್ಳಿಯ ಬಗ್ಗೆ ಬರೆದ ಯಾವ ವರದಿಯೂ ಅರ್ಧ ವರದಿಯೇ.

ಪಟ್ಟಿ ಮಾಡಿದರೆ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗುಜರಿ ಅಂಗಡಿಯವರು, ಗ್ಯಾರೇಜಿನ ಹುಡುಗರು ಊರಿಗೆ ಬೇಕಾದ ಕೆಲಸ ಮಾಡುತ್ತಿದ್ದಾರೆ. ಅವರಿಲ್ಲದಿದ್ದರೆ ನಮ್ಮ ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ ಎಲ್ಲವೂ ಕೆರೆಯಂಗಳದಲ್ಲೇ ಇರುತ್ತಿತ್ತು. ಆದರೆ ಸೀಸದ ಹೊಗೆ ಮೊದಲು ಸೇರುವುದು ಅವರದೇ ಪುಪ್ಪುಸಕ್ಕೆ, ಅವರದೇ ಮಕ್ಕಳ ರಕ್ತಕ್ಕೆ. ತಪ್ಪು ಅವರ ಕಸುಬಿನಲ್ಲಿಲ್ಲ, ಅವರಿಗೆ ಬೇರೆ ದಾರಿ ಕೊಡದ ವ್ಯವಸ್ಥೆಯಲ್ಲಿದೆ. ರಾಜ್ಯದ ಅಪಾಯಕಾರಿ ತ್ಯಾಜ್ಯವನ್ನು ಸುರಕ್ಷಿತವಾಗಿ ಹೂಳುವ ದೊಡ್ಡ ಕೇಂದ್ರ ಇರುವುದು ದಾಬಸ್‌ಪೇಟೆಯಲ್ಲಿ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕವಾದ ಇ-ಪರಿಸರವೂ ಅಲ್ಲಿಯೇ. ಹರಪನಹಳ್ಳಿಯಿಂದ ಅದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅರ್ಧ ಬ್ಯಾರಲ್ ಆಯಿಲ್, ನಾಲ್ಕು ಬ್ಯಾಟರಿ ಇಟ್ಟುಕೊಂಡವನು ಏಳು ಪ್ರತಿಗಳ ಸಾಗಣೆ ಪತ್ರ ತುಂಬಿ ಅಲ್ಲಿಗೆ ಕಳಿಸುತ್ತಾನೆಂದು ಯಾರೂ ನಿರೀಕ್ಷಿಸಲಾರರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ 5ನೇ ನಿಯಮ ರಾಜ್ಯ ಸರ್ಕಾರಕ್ಕೂ ಕೆಲಸ ಹಚ್ಚಿದೆ: ಕೈಗಾರಿಕಾ ಪ್ರದೇಶಗಳಲ್ಲಿ ಮರುಬಳಕೆ ಕಸುಬಿಗೆ ಜಾಗ ಕಾಯ್ದಿರಿಸಬೇಕು, ಕಾರ್ಮಿಕ ಇಲಾಖೆ ಆ ಕೆಲಸಗಾರರನ್ನು ನೋಂದಾಯಿಸಿ ತರಬೇತಿ ಕೊಡಬೇಕು. ಬ್ಯಾಟರಿ ತಯಾರಕರೇ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು 2022ರ ನಿಯಮಗಳೂ ಹೇಳುತ್ತವೆ. ಕೇಸು ಹಾಕುವ ಮೊದಲು ತಾಲೂಕಿಗೊಂದು ಸಂಗ್ರಹ ಕೇಂದ್ರ, ಅಲ್ಲಿ ಮಾರುಕಟ್ಟೆಯ ದರ, ತಿಂಗಳಿಗೊಂದು ಲಾರಿ ಆಗಲಿ. ಆಗ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಲು ಯಾರಿಗೂ ಕಾರಣವಿರುವುದಿಲ್ಲ.

ಜಮೀನಿನ ಬೆಲೆ ಬೀಳುತ್ತದೆ ಎಂಬ ಮಾತೂ ಬರುತ್ತದೆ. ಬೀಳಬಹುದು. ಆದರೆ ವಿಷವಿರುವುದನ್ನು ಮುಚ್ಚಿಟ್ಟರೆ ಆ ನಷ್ಟ ಮಾರುವವನಿಂದ ಕೊಳ್ಳುವವನಿಗೆ, ಅಲ್ಲಿ ಕೊಳವೆಬಾವಿ ಕೊರೆಸುವವನಿಗೆ ದಾಟುತ್ತದೆ ಅಷ್ಟೆ. ಪಹಣಿಯಲ್ಲಿ ಸಾಲದ ಬೋಜ ನಮೂದಾಗುತ್ತದೆ. ಅದಕ್ಕಿಂತ ಭಾರವಾದ ಈ ಬೋಜವೂ ನಮೂದಾಗುವುದು ನ್ಯಾಯ.

ಹಣವೆಲ್ಲಿದೆ ಎಂಬುದು ಕೊನೆಯ ಮತ್ತು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ದೇಶದಲ್ಲಿ 103 ಕಲುಷಿತ ಸ್ಥಳಗಳನ್ನು ಗುರುತಿಸಿದ್ದರೂ ಹೊಸ ನಿಯಮಗಳು ಬರುವ ವೇಳೆಗೆ ಶುದ್ಧೀಕರಣ ಶುರುವಾಗಿದ್ದದ್ದು ಏಳರಲ್ಲಿ ಮಾತ್ರ. ನಿಯಮಗಳಲ್ಲೂ ಪರೀಕ್ಷೆಗೆ ಗಡುವಿದೆ, ಶುದ್ಧೀಕರಣ ಮುಗಿಸುವುದಕ್ಕೆ ಗಡುವಿಲ್ಲ. ಇದು ದೊಡ್ಡ ಕೊರತೆ. ಬಿಛ್ಡಿಯ ಪ್ರಕರಣದಲ್ಲಿ ಕೆಡಿಸಿದವನೇ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. 37 ಕೋಟಿ ರೂಪಾಯಿಗೂ ಮೀರಿದ ಆ ಮೊತ್ತವನ್ನು ಕೊಡದೆ ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕಿದ್ದರಿಂದ, 2011ರಲ್ಲಿ ಕೋರ್ಟ್ ಚಕ್ರಬಡ್ಡಿ ಸಮೇತ ಕಟ್ಟಲು ಆದೇಶಿಸಬೇಕಾಯಿತು. ಭೋಪಾಲದ ಕಾರ್ಖಾನೆಯ ಅಂಗಳದಲ್ಲಿದ್ದ 337 ಟನ್ ತ್ಯಾಜ್ಯ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ದುರಂತವಾಗಿ 40 ವರ್ಷಗಳ ಮೇಲೆ. ಇವೆಲ್ಲ ಹೇಳುವುದು ತಡವಾದಷ್ಟೂ ಖರ್ಚು ಏರುತ್ತದೆ, ಹೊಣೆಗಾರ ಜಾರಿಕೊಳ್ಳುತ್ತಾನೆ ಎಂಬುದನ್ನೇ ಹೊರತು ಸುಮ್ಮನಿರಬೇಕೆಂಬುದನ್ನಲ್ಲ. ಬೇಗನೆ ದಾಖಲಿಸಿದರೆ ಹಣ ವಸೂಲಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಗಣಿ ಪ್ರಕರಣದಲ್ಲಿ ಅದಿರು ಮಾರಾಟದ ಹಣದಲ್ಲೇ ಒಂದು ಪಾಲನ್ನು ಸುಪ್ರೀಂ ಕೋರ್ಟ್ ತೆಗೆದಿರಿಸಿದ್ದರಿಂದ ಗಣಿ ಪರಿಸರ ಪುನಶ್ಚೇತನ ನಿಗಮಕ್ಕೆ ಸಾವಿರಾರು ಕೋಟಿ ರೂಪಾಯಿ ಸೇರಿತು. ಹಣವನ್ನು ಮಾರಾಟದ ಹಂತದಲ್ಲೇ ಹಿಡಿದಿದ್ದರಿಂದ ಅದು ಸಾಧ್ಯವಾಯಿತು. ಅಪಾಯಕಾರಿ ತ್ಯಾಜ್ಯ ಹುಟ್ಟಿಸುವ ಉದ್ದಿಮೆಗಳಿಂದ ಅದೇ ರೀತಿ ರಾಜ್ಯ ಸರ್ಕಾರ ಒಂದು ನಿಧಿ ಕೂಡಿಸಬೇಕು. ಅದಕ್ಕೆ ಒತ್ತಾಯಿಸಲು ಜಿಲ್ಲೆಗಳಿಂದ ಹೋದ ಪಟ್ಟಿಗಳೇ ಆಧಾರ. ಎಲ್ಲ ಜಿಲ್ಲೆಗಳೂ ಶೂನ್ಯ ಕಳಿಸಿದರೆ ಹಣ ಕೇಳುವ ಪ್ರಮೇಯವೇ ಬರುವುದಿಲ್ಲ.

ಪಟ್ಟಿ ಮಾಡುವುದಕ್ಕಂತೂ ಹೆಚ್ಚು ಖರ್ಚಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ ಮತ್ತು ನೀರಗಂಟಿ ಕೂತು ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಯಾವ ಬೋರಿನ ನೀರಿನ ಬಣ್ಣ, ವಾಸನೆ ಬದಲಾಗಿದೆ? ದನಕರು ಎಲ್ಲಿ ನೀರು ಮುಟ್ಟುವುದಿಲ್ಲ? ರಾತ್ರಿ ಟ್ಯಾಂಕರ್ ಎಲ್ಲಿ ಖಾಲಿಯಾಗುತ್ತದೆ? ಬ್ಯಾಟರಿ ಎಲ್ಲಿ ಒಡೆಯುತ್ತಾರೆ? ಕುರಿಗಾಹಿಗಳಿಗೆ ಈ ಉತ್ತರಗಳು ಯಾವ ಇಲಾಖೆಗಿಂತಲೂ ಚೆನ್ನಾಗಿ ಗೊತ್ತಿರುತ್ತವೆ. ಮಂಡಳಿಯಲ್ಲಿ ಸಿಬ್ಬಂದಿ ಸಾಲದು ಎಂಬುದು ದಿಟ. ಅದಕ್ಕೇ ಅವರು ಎಲ್ಲಿಗೆ ಮೊದಲು ಬರಬೇಕೆಂದು ಹೇಳುವವರು ನಾವಾಗಬೇಕು. ಹೀಗೆ ಬಂದ ಉತ್ತರಗಳಲ್ಲಿ ಕೆಲವು ತಪ್ಪಿರಬಹುದು, ಹಳೆಯ ಹಗೆಯಿಂದ ಬಂದ ದೂರೂ ಇರಬಹುದು. ನಿಯಮ ಕೇಳುತ್ತಿರುವುದು ಅನುಮಾನದ ಪಟ್ಟಿಯನ್ನು; ತೀರ್ಮಾನ ಪ್ರಯೋಗಾಲಯದ್ದು. ಮುಂದಿನ ಅರ್ಧವಾರ್ಷಿಕ ವರದಿಯನ್ನು ಕಳಿಸುವುದಕ್ಕೆ ಒಂದು ತಿಂಗಳ ಮೊದಲೇ ಅದರ ಕರಡನ್ನು ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ, ಎಲ್ಲ ಪಂಚಾಯಿತಿಗಳ ಫಲಕದಲ್ಲಿ ಹಚ್ಚಿಸಿ. ಯಾವ ಪಂಚಾಯಿತಿ ಶೂನ್ಯ ಎಂದು ಬರೆದಿದೆಯೋ ಅಲ್ಲಿ, ಯಾರು ಎಲ್ಲೆಲ್ಲಿ ಯಾವ ದಿನ ಹೋಗಿ ನೋಡಿ ಹಾಗೆ ಬರೆದರು ಎಂಬುದೂ ಆ ಹಾಳೆಯಲ್ಲಿರಲಿ.

ಗೌರವಪೂರ್ವಕವಾಗಿ,
ಹರಪನಹಳ್ಳಿ ತಾಲೂಕಿನ ಒಬ್ಬ ನಾಗರಿಕ