ಧ್ವನಿವರ್ಧಕ ಯಾರ ಕೈಯಲ್ಲಿ?

ಕಳೆದ ವರ್ಷ ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ನಡೆದ ಸಣ್ಣ ಪ್ರಸಂಗವೊಂದರಿಂದ ಈ ಬರಹವನ್ನು ಆರಂಭಿಸುತ್ತೇನೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದು ವಾಣಿಜ್ಯ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದ, ನಮ್ಮ ಸದಸ್ಯರೊಬ್ಬರ ಮಗಳಿಗೆ ರಾಜ್ಯೋತ್ಸವದ ಖರ್ಚುವೆಚ್ಚದ ವರದಿಯನ್ನು ಓದುವ ಕೆಲಸ ಒಪ್ಪಿಸಿದ್ದೆವು. ಉತ್ಸವದ ಓಡಾಟದಲ್ಲಿ ಅವಳೂ ಪಾಲುಗೊಂಡಿದ್ದಳು. ಕಾಲೇಜಿನಲ್ಲಿ ನಾಯಕತ್ವ ಮತ್ತು ಸಂವಹನ ಕೌಶಲದ ಪತ್ರಿಕೆಯಲ್ಲಿ ಮಗಳಿಗೆ ಅತ್ಯುತ್ತಮ ಶ್ರೇಣಿ ದೊರೆತಿದೆಯೆಂದು ತಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದರು. ವರದಿಯನ್ನು ಅವಳು ಸ್ಪಷ್ಟವಾಗಿಯೇ ಓದಿದಳು. ಓದು ಮುಗಿಯುತ್ತಲೇ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಸಭಾಗೃಹದ ಬಾಡಿಗೆ ಹಿಂದಿನ ವರ್ಷಕ್ಕಿಂತ ಏಕೆ ಹೆಚ್ಚಾಯಿತೆಂದು ಏರಿದ ದನಿಯಲ್ಲಿ ಕೇಳಿದರು. ಹುಡುಗಿ ಕ್ಷಣಕಾಲ ತಡವರಿಸಿದಳು. ನಾನು ಧ್ವನಿವರ್ಧಕವನ್ನು ಅವಳ ಕೈಯಿಂದ ತೆಗೆದುಕೊಂಡು, ಈಗ ಎಲ್ಲ ಕಡೆಯೂ ಬೆಲೆ ಏರಿದೆಯೆಂದು ಉತ್ತರಿಸಿದೆ. ಸಭೆ ಶಾಂತವಾಯಿತು. ಆ ಬಳಿಕ ಅವಳು ಸಂಘದ ಕಡೆಗೆ ಬರಲಿಲ್ಲ.

30 ವರ್ಷ ಪದವಿ ತರಗತಿಗಳಿಗೆ ಪಾಠ ಹೇಳಿ ನಿವೃತ್ತನಾದ ನನ್ನನ್ನು ಅಂದಿನಿಂದ ಎರಡು ಪ್ರಶ್ನೆಗಳು ಕಾಡುತ್ತಿವೆ. ವಿಶ್ವವಿದ್ಯಾಲಯ ಕಲಿಸುವ ನಾಯಕತ್ವ ಎಂಥದು? ಕಲಿತವರಿಗೆ ಅದನ್ನು ಬಳಸಲು ನಾವು ಬಿಟ್ಟಿರುವ ಜಾಗವಾದರೂ ಎಷ್ಟು?

ಇಂಥ ಪಾಠಗಳ ಉದ್ದೇಶ ಒಳ್ಳೆಯದೇ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ‘ಜೀವನ್ ಕೌಶಲ್’ ಎಂಬ ಪಠ್ಯಕ್ರಮವನ್ನು ಹೊರತಂದಿತು. ಸಂವಹನ, ವೃತ್ತಿ ಕೌಶಲ, ನಾಯಕತ್ವ ಮತ್ತು ನಿರ್ವಹಣೆ, ಮಾನವೀಯ ಮೌಲ್ಯಗಳು ಎಂಬ ನಾಲ್ಕು ಭಾಗಗಳು ಅದರಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2022ರ ಡಿಸೆಂಬರಿನಲ್ಲಿ ಆಯೋಗ ಪ್ರಕಟಿಸಿದ ಪದವಿ ಚೌಕಟ್ಟು ಇನ್ನೂ ಮುಂದೆ ಹೋಗಿ, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಾಭಿವೃದ್ಧಿಗೆ 9 ಕ್ರೆಡಿಟ್‌ಗಳನ್ನು ಮೀಸಲಿಟ್ಟಿತು. ಇವೆಲ್ಲ ಬರಿಯ ಆಡಂಬರವೆಂದು ಮೂಗು ಮುರಿಯುವ ಹಿರಿಯರೊಡನೆ ನನಗೆ ಸಹಮತವಿಲ್ಲ. ‘ನಮಗೆ ಯಾವ ಕಾಲೇಜು ನಾಯಕತ್ವ ಕಲಿಸಿತ್ತು? ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಸಂಘ ಕಟ್ಟಲಿಲ್ಲವೇ?’ ಎಂದು ಅವರು ಕೇಳುತ್ತಾರೆ. ಕಟ್ಟಿದವರ ಹೆಸರು ನಮ್ಮ ಸ್ಮರಣ ಸಂಚಿಕೆಗಳಲ್ಲಿದೆ, ನಿಜ. ಆದರೆ ಅದೇ ಬೆಂಚಿನಲ್ಲಿ ಕುಳಿತು, ಸಭೆಯಲ್ಲಿ ಒಂದು ಮಾತೂ ಆಡಲಾರದೆ ಬಾಳು ಸವೆಸಿದವರ ಹೆಸರು ಎಲ್ಲಿದೆ? ನಾಲ್ಕು ಜನರ ಮುಂದೆ ನಿಂತು ಮಾತನಾಡುವ ಕಲೆ ಬಹುಕಾಲ ಕೆಲವೇ ಮನೆತನಗಳ ಪಿತ್ರಾರ್ಜಿತವಾಗಿತ್ತು. ಅದನ್ನು ಎಲ್ಲರ ಮಕ್ಕಳಿಗೂ ಹಂಚುವ ಪ್ರಯತ್ನ ಸ್ವಾಗತಾರ್ಹವೇ ಸರಿ.

ತೊಡಕಿರುವುದು ಕಲಿಸುವ ಬಗೆಯಲ್ಲಿ. ಎರಡು ಕ್ರೆಡಿಟ್ ಪತ್ರಿಕೆಯೆಂದರೆ ಸಾಮಾನ್ಯವಾಗಿ 30 ಗಂಟೆಗಳ ಪಾಠ. ನಮ್ಮ ನಗರದ ಕಾಲೇಜುಗಳಲ್ಲಿ ಒಂದು ವರ್ಗಕ್ಕೆ 120 ವಿದ್ಯಾರ್ಥಿಗಳಿರುವುದು ಅಪರೂಪವಲ್ಲ. ಅಧ್ಯಾಪಕರು ಬಾಯಿಯನ್ನೇ ತೆರೆಯದೆ ಇಡೀ ಸಮಯವನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರೂ ತಲೆಗೊಂದಕ್ಕೆ ದೊರೆಯುವುದು 15 ನಿಮಿಷ. ಹೀಗಾಗಿ ಸಂವಹನವೆಂದರೇನು, ಅದರ ವಿಧಗಳೆಷ್ಟು, ನಾಯಕನ ಲಕ್ಷಣಗಳೇನು ಎಂಬ ಟಿಪ್ಪಣಿಗಳನ್ನು ಬರೆಸುತ್ತೇವೆ. ಅವನ್ನೇ ಪರೀಕ್ಷೆಯಲ್ಲಿ ಕೇಳುತ್ತೇವೆ. ದಡದಲ್ಲಿ ಕುಳ್ಳಿರಿಸಿ ಈಜು ಕಲಿಸಿದಂತೆ! ನಾನೂ ಹಾಗೆಯೇ ಕಲಿಸಿದವನೆಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯ ತೊಡಕು ಭಾಷೆಯದು. ಆಯೋಗದ ಚೌಕಟ್ಟು ಇಂಗ್ಲಿಷಿನೊಡನೆ ಆಧುನಿಕ ಭಾರತೀಯ ಭಾಷೆಯೊಂದರಲ್ಲಿಯೂ ಪರಿಣತಿಯನ್ನು ಬಯಸುತ್ತದೆ. ಆದರೆ ರೂಢಿಯಲ್ಲಿ ಸಂವಹನವೆಂದರೆ ಇಂಗ್ಲಿಷಿನಲ್ಲಿ ನಡೆಯುವ ಸಂದರ್ಶನದ ತಯಾರಿ ಎಂದೇ ಆಗಿದೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಕನ್ನಡ, ವಾರ್ಡ್ ಕಚೇರಿಯಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ, ಬ್ಯಾಂಕಿನಲ್ಲಿ ಇಂಗ್ಲಿಷ್ ಆಡುತ್ತ ದಿನ ಕಳೆಯುತ್ತಾರೆ. ಯಾರೊಡನೆ ಯಾವ ಮಾತು, ಎಷ್ಟು ಸಲಿಗೆ, ಎಷ್ಟು ಗೌರವ ಎಂಬ ಎಚ್ಚರ ಅವರಿಗೆ ಎಳವೆಯಿಂದಲೇ ಮೈಗೂಡಿರುತ್ತದೆ. ಈ ಸಂಪತ್ತಿಗೆ ಯಾವ ಅಂಕಪಟ್ಟಿಯಲ್ಲಿಯೂ ಲೆಕ್ಕವಿಲ್ಲ.

ಇದು ನನಗೆ ಮನದಟ್ಟಾದದ್ದು ತಡವಾಗಿ. ಮಹಾಸಭೆಯಾಗಿ ಕೆಲವು ವಾರಗಳ ಬಳಿಕ ಆ ಹುಡುಗಿಯ ಮನೆಗೆ ಹೋಗಿದ್ದೆ. ಚಹಾ ತಂದಿಟ್ಟು ಅವಳು ಹೇಳಿದಳು: ‘ಸರ್, ಬಾಡಿಗೆ ಏರಿರಲಿಲ್ಲ. ಹವಾನಿಯಂತ್ರಣದ ಶುಲ್ಕವನ್ನು ಈ ಸಲ ಬೇರೆಯಾಗಿ ಹಾಕಿದ್ದರು. ಮ್ಯಾನೇಜರರ ಹತ್ತಿರ ಮರಾಠಿಯಲ್ಲಿ ಮಾತಾಡಿ ಅದರಲ್ಲಿ ಅರ್ಧ ಬಿಡಿಸಿದ್ದು ನಾನೇ.’ ಸಂವಹನವೂ ನಾಯಕತ್ವವೂ ನಡೆದದ್ದು ಅಲ್ಲಿ, ಆ ಮ್ಯಾನೇಜರರ ಮೇಜಿನ ಮುಂದೆ. ಸಭೆಯಲ್ಲಿ ನಾನು ಕೊಟ್ಟ ಉತ್ತರ ಸುಲಲಿತವಾಗಿತ್ತು, ಆದರೆ ತಪ್ಪಾಗಿತ್ತು. ಅವಳಿಗೆ ಬೇಕಾಗಿದ್ದುದು ಅರ್ಧ ನಿಮಿಷದ ಸಹನೆ ಮಾತ್ರ.

ಹೊಣೆ ಹೊರದೆ ನಾಯಕತ್ವ ಬಾರದೆಂಬುದು ನಮ್ಮ ದೇಶದ ಶಿಕ್ಷಣಕ್ಕೆ ಹೊಸ ಅರಿವೇನೂ ಅಲ್ಲ. ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಏಳು ದಿನಗಳ ಶಿಬಿರವನ್ನೂ ಕೇಳುತ್ತದೆ. ಶಿಬಿರದಲ್ಲಿ ಅನ್ನ ಸೀದರೆ ಉತ್ತರ ಹೇಳಬೇಕಾದವರು ವಿದ್ಯಾರ್ಥಿಗಳೇ. ತರಗತಿಯಲ್ಲಿ ಮಂಕಾಗಿ ಕುಳಿತವರು ಅಲ್ಲಿ ಚುರುಕಾದುದನ್ನು ನಾನೇ ಕಂಡಿದ್ದೇನೆ.

ಕನ್ನಡದ ಮಟ್ಟಿಗೆ ಇನ್ನೂ ಹಿಂದಿನ ಉದಾಹರಣೆಯಿದೆ. ಆಲೂರು ವೆಂಕಟರಾಯರು ಪದವಿಗಾಗಿ ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಅಂದರೆ ಹೊರನಾಡಿನಲ್ಲಿ. ವಕೀಲಿ ಪದವಿಯನ್ನೂ ಪಡೆದು ಧಾರವಾಡಕ್ಕೆ ಮರಳಿದ ಅವರು, 1890ರಲ್ಲಿ ಸ್ಥಾಪನೆಯಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆಯ ಹೊಣೆ ಹೊತ್ತರು. ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ, ಏಕೀಕರಣವಾದದ್ದು 1956ರಲ್ಲಿ. ಕಾಲೇಜು ಅವರಿಗೆ ಓದನ್ನು ಕೊಟ್ಟಿತು. ಆ ಓದಿಗೆ ಕೆಲಸ ಕೊಟ್ಟದ್ದು ಸಂಘ. ಈ ಎರಡನೆಯ ಭಾಗವನ್ನೇ ನಾವು ಮರೆತಿದ್ದೇವೆ.

ಆದುದರಿಂದ ನನ್ನದೊಂದು ಸಲಹೆ. ಮಹಾರಾಷ್ಟ್ರದ ಪದವಿ ಚೌಕಟ್ಟಿನಲ್ಲಿ ಕ್ಷೇತ್ರಕಾರ್ಯ ಮತ್ತು ಸಮುದಾಯ ಸೇವೆಗೆ ಈಗ ಕ್ರೆಡಿಟ್‌ಗಳಿವೆ. ಆಯೋಗದ ಲೆಕ್ಕದಲ್ಲಿ ಅಂಥ ಒಂದು ಕ್ರೆಡಿಟ್‌ಗೆ 30 ಗಂಟೆಗಳ ದುಡಿಮೆ, ಎರಡಕ್ಕೆ 60. ನಮ್ಮ ಸಂಘಗಳು ಹತ್ತಿರದ ಕಾಲೇಜುಗಳ ಪ್ರಾಂಶುಪಾಲರನ್ನು ಕಂಡು, ಆ 60 ಗಂಟೆಗಳಿಗೆ ನಾವು ಕೆಲಸ ಕೊಡುತ್ತೇವೆಂದು ಕೇಳಲಿ. ಕೆಲಸ ಕುರ್ಚಿ ಜೋಡಿಸುವುದಾಗಬಾರದು, ಅತಿಥಿಗಳಿಗೆ ಹೂಗುಚ್ಛ ನೀಡುವುದೂ ಆಗಬಾರದು. ಕಾರ್ಯಕಾರಿ ಸಮಿತಿಯ ನಡಾವಳಿಯನ್ನು ಕನ್ನಡದಲ್ಲಿ ಬರೆಯುವುದು, ಒಂದು ಕಾರ್ಯಕ್ರಮದ ಅಂದಾಜುಪಟ್ಟಿ ತಯಾರಿಸಿ ಸಮಿತಿಯ ಮುಂದೆ ಸಮರ್ಥಿಸುವುದು, ಹಿರಿಯ ಸದಸ್ಯರನ್ನು ಮಾತನಾಡಿಸಿ ಸಂಘದ ಇತಿಹಾಸವನ್ನು ದಾಖಲಿಸುವುದು, ಇವು ಕೆಲಸಗಳು. ತಪ್ಪು ಮಾಡಿದರೆ ತಿದ್ದೋಣ. ಆದರೆ ಕೆಲಸವನ್ನು ಕಿತ್ತುಕೊಳ್ಳುವುದು ಬೇಡ. ಕನ್ನಡ ಓದಲು ಬಾರದ ಮಕ್ಕಳು ಮಾತಿನಿಂದಲೇ ಆರಂಭಿಸಲಿ. ನಡಾವಳಿ ಬರೆಯುವ ಹೊತ್ತಿಗೆ ಅಕ್ಷರವೂ ಬಂದೀತು.

ಇದರಿಂದ ಕಾಲೇಜಿಗಿಂತ ನಮಗೇ ಲಾಭ ಹೆಚ್ಚು. ಸಭೆಗಳಲ್ಲಿ ನರೆಗೂದಲಷ್ಟೇ ಕಾಣುತ್ತಿವೆ, ಯುವಕರು ಬರುವುದಿಲ್ಲ ಎಂದು ಪ್ರತಿವರ್ಷವೂ ಕೊರಗುತ್ತೇವೆ. ಬಂದವರಿಗೆ ನಾವು ಕೊಟ್ಟದ್ದಾದರೂ ಏನು? ಪ್ರಾರ್ಥನೆ ಮತ್ತು ವಂದನಾರ್ಪಣೆ! ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಸಭೆಯನ್ನೆಲ್ಲ ನಾವೇ ಇಟ್ಟುಕೊಂಡಿದ್ದೇವೆ.

ಬರುವ ಮಹಾಸಭೆಯಲ್ಲಿ ಲೆಕ್ಕಪತ್ರದ ಚರ್ಚೆಯನ್ನು ಆ ಹುಡುಗಿಯೇ ನಡೆಸಿಕೊಡಬೇಕೆಂದು ಸಮಿತಿಗೆ ಪತ್ರ ಬರೆದಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಅದು ಅವಳ ದೋಷವಲ್ಲ. ಒಪ್ಪಿದರೆ, ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ಅವಳು ತಡವರಿಸಿದರೂ ಎದ್ದೇಳುವುದಿಲ್ಲ.