ಹೆಸರಿಲ್ಲದೆ ದುಡಿದ ಬಿಲ್ ಫಿಂಗರ್

ಬ್ಯಾಟ್‌ಮನ್ ಯಾರೆಂದು ಮಕ್ಕಳಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಕಪ್ಪು ಮುಸುಕು, ಚೂಪು ಕಿವಿ, ಬಾವಲಿಯ ರೆಕ್ಕೆಯಂತೆ ಹರಡಿಕೊಳ್ಳುವ ಮೇಲುಹೊದಿಕೆ - ಈ ಚಿತ್ರ ಶಾಲೆಯ ಚೀಲದ ಮೇಲೂ ಇರುತ್ತದೆ, ಕಂಪಾಸ್ ಪೆಟ್ಟಿಗೆಯ ಮೇಲೂ ಇರುತ್ತದೆ. ಆದರೆ ಈ ಪಾತ್ರವನ್ನು ಸೃಷ್ಟಿಸಿದವರು ಯಾರು? 1939ರಿಂದ 2015ರವರೆಗೆ, ಅಂದರೆ 76 ವರ್ಷಗಳ ಕಾಲ, ಪುಸ್ತಕಗಳೂ ಚಲನಚಿತ್ರಗಳೂ ಈ ಪ್ರಶ್ನೆಗೆ ಕೊಟ್ಟ ಅಧಿಕೃತ ಉತ್ತರ ಒಂದೇ - ಬಾಬ್ ಕೇನ್. ಪರೀಕ್ಷೆಯಲ್ಲಿ ಈ ಉತ್ತರ ಬರೆದವನಿಗೆ ಅರ್ಧ ಅಂಕ ಕೊಡಬಹುದು, ಪೂರ್ಣ ಅಂಕ ಕೊಡಲಾಗದು. ಉಳಿದ ಅರ್ಧ ಉತ್ತರದ ಹೆಸರು ಬಿಲ್ ಫಿಂಗರ್.

ಫಿಂಗರ್ ಹುಟ್ಟಿದ್ದು 1914ರ ಫೆಬ್ರುವರಿ 8ರಂದು, ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ. ತಂದೆತಾಯಿ ಇಟ್ಟ ಹೆಸರು ಮಿಲ್ಟನ್. 1933ರಲ್ಲಿ ಡಿವಿಟ್ ಕ್ಲಿಂಟನ್ ಹೈಸ್ಕೂಲಿನಲ್ಲಿ ವ್ಯಾಸಂಗ ಮುಗಿಸಿದಾಗ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತೀವ್ರವಾಗಿತ್ತು. ಕೆಲಸ ಸಿಗುವುದೇ ದುರ್ಲಭ. ಯೆಹೂದಿ ಮನೆತನದ ಹುಡುಗರಿಗಂತೂ ಇನ್ನೂ ಕಷ್ಟ. ಮಿಲ್ಟನ್ ತನ್ನ ಹೆಸರನ್ನು ಬಿಲ್ ಎಂದು ಬದಲಿಸಿಕೊಂಡ. ಬರಹಗಾರನಾಗಬೇಕೆಂಬ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಾದರಕ್ಷೆಯ ಅಂಗಡಿಯಲ್ಲಿ ಮಾರಾಟಗಾರನಾಗಿ ದುಡಿದ.

1938ರ ಸುಮಾರಿಗೆ ಒಂದು ಸಂತೋಷಕೂಟದಲ್ಲಿ ಅವನಿಗೆ ಬಾಬ್ ಕೇನ್ ಎಂಬ ಚಿತ್ರಕಾರನ ಪರಿಚಯವಾಯಿತು. ಇಬ್ಬರೂ ಓದಿದ್ದು ಒಂದೇ ಶಾಲೆಯಲ್ಲಿ. ಕೇನ್ ಚಿತ್ರ ಬರೆಯುತ್ತಿದ್ದ, ಅವನಿಗೆ ಕಥೆ ಕಟ್ಟುವವರು ಬೇಕಾಗಿತ್ತು. ಫಿಂಗರನಿಗೆ ಕಥೆ ಕಟ್ಟುವುದು ಗೊತ್ತಿತ್ತು, ಅಚ್ಚು ಹಾಕಿಸುವ ದಾರಿ ಗೊತ್ತಿರಲಿಲ್ಲ. ಹೀಗೆ ಜೋಡಿಯಾಯಿತು. ಆದರೆ ಪ್ರಕಾಶಕರೊಡನೆ ವ್ಯವಹರಿಸುತ್ತಿದ್ದವನು ಕೇನ್ ಒಬ್ಬನೇ. ಫಿಂಗರ್ ಕೇನ್‌ನಿಂದ ಕೂಲಿ ಪಡೆಯುತ್ತಿದ್ದ ಮರೆಯ ಬರಹಗಾರ. ಮುಂದಿನ ಕಥೆಯ ಬೇರು ಇರುವುದು ಈ ಏರ್ಪಾಟಿನಲ್ಲೇ.

ಕೆಂಪು ಉಡುಪಿನ ಬಾವಲಿ

1938ರಲ್ಲಿ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ತರುಣರ ಸೂಪರ್‌ಮನ್ ಪ್ರಕಟವಾಗಿ ಭಾರಿ ಯಶಸ್ಸು ಕಂಡಿತು. ಅಂಥದೇ ಇನ್ನೊಬ್ಬ ನಾಯಕ ಬೇಕೆಂದು ಸಂಪಾದಕರು ಕೇಳಿದಾಗ ಕೇನ್ ಒಂದು ಚಿತ್ರ ಬರೆದು ಫಿಂಗರನಿಗೆ ತೋರಿಸಿದ. ಅದರಲ್ಲಿದ್ದುದು ಕೆಂಪು ಬಟ್ಟೆಯ, ಕಣ್ಣಿಗಷ್ಟೇ ಪುಟ್ಟ ಮುಖವಾಡ ಕಟ್ಟಿದ, ಬೆನ್ನಿಗೆ ಬಿಗಿಯಾದ ಎರಡು ರೆಕ್ಕೆ ಅಂಟಿಸಿಕೊಂಡ ಮನುಷ್ಯ. ಹೆಸರು ಮಾತ್ರ ಬ್ಯಾಟ್‌ಮನ್.

ಫಿಂಗರ್ ಮಾಡಿದ ಮೊದಲ ಕೆಲಸ ಎಲ್ಲ ವಿದ್ಯಾರ್ಥಿಗಳೂ ಗಮನಿಸಬೇಕಾದದ್ದು. ಆತ ಕಪಾಟಿನಿಂದ ನಿಘಂಟನ್ನು ಇಳಿಸಿ ಬಾವಲಿಯ ಚಿತ್ರ ತೆಗೆದು ನೋಡಿದ. ಬಾವಲಿಗೆ ಎದ್ದು ಕಾಣುವುದು ಕಿವಿ. ಹಾಗಾದರೆ ಮುಖವಾಡಕ್ಕೂ ಕಿವಿ ಬೇಕು, ತಲೆಯನ್ನೆಲ್ಲ ಮುಚ್ಚುವ ಮುಸುಕು ಬೇಕು ಎಂದ. ಕಣ್ಣಿನ ಜಾಗದಲ್ಲಿ ಬಿಳಿ ಸೀಳು ಮಾತ್ರ ಇರಲಿ, ಆಗ ನೋಡುವವರಿಗೆ ಭಯವಾಗುತ್ತದೆ ಎಂದ. ಬಿಗಿ ರೆಕ್ಕೆ ಹಾಕಿಕೊಂಡವನು ಓಡುವುದು ಹೇಗೆ, ಹೊಡೆದಾಡುವುದು ಹೇಗೆ? ಅದರ ಬದಲು ಗಾಳಿಯಲ್ಲಿ ರೆಕ್ಕೆಯಂತೆ ಹರಡುವ ಹೊದಿಕೆ ಬಂತು. ರಾತ್ರಿ ಸಂಚರಿಸುವವನಿಗೆ ಕೆಂಪು ಬಟ್ಟೆ ಸಲ್ಲದು. ಬೂದು ಮತ್ತು ಕಪ್ಪು ಬಣ್ಣ ಬಂದವು. ಬರಿಗೈಯಾದರೆ ಬೆರಳಿನ ಗುರುತು ಉಳಿಯುತ್ತದೆ. ಆದ್ದರಿಂದ ಕೈಗವಸು ಬಂತು. ಒಂದೊಂದು ಬದಲಾವಣೆಗೂ ಒಂದೊಂದು ಕಾರಣವಿತ್ತು.

ಹೆಸರುಗಳೂ ಹಾಗೆಯೇ. ಮುಸುಕಿನ ಹಿಂದಿನ ಶ್ರೀಮಂತ ಬ್ರೂಸ್ ವೇನ್‌ನ ಹೆಸರಿನಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಇದ್ದಾನೆ, ಅಮೆರಿಕದ ಸ್ವಾತಂತ್ರ್ಯ ಸಮರದ ದಂಡನಾಯಕ ಆಂಟನಿ ವೇನ್ ಇದ್ದಾನೆ. ಟೆಲಿಫೋನ್ ಡೈರೆಕ್ಟರಿಯ ಪುಟ ತಿರುವುತ್ತಿದ್ದಾಗ ಕಣ್ಣಿಗೆ ಬಿದ್ದ ಒಂದು ಒಡವೆ ಅಂಗಡಿಯ ಹೆಸರಿನಿಂದ ಗಾಥಮ್ ನಗರ ಹುಟ್ಟಿತು.

ಡಿಟೆಕ್ಟಿವ್ ಕಾಮಿಕ್ಸ್ ಪತ್ರಿಕೆಯ 27ನೇ ಸಂಚಿಕೆಯಲ್ಲಿ, 1939ರಲ್ಲಿ, ಬ್ಯಾಟ್‌ಮನ್ ಮೊದಲ ಬಾರಿಗೆ ಕಾಣಿಸಿಕೊಂಡ. ಕಥೆ ಬರೆದವನು ಫಿಂಗರ್. ಅಚ್ಚಾದ ಹೆಸರು ಬಾಬ್ ಕೇನ್‌ನದು ಮಾತ್ರ. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಮೊದಲ ಕಥೆಯನ್ನು ತಾನು 'ದಿ ಶ್ಯಾಡೋ' ಎಂಬ ಜನಪ್ರಿಯ ಪತ್ತೇದಾರಿ ಮಾಲಿಕೆಯ ಒಂದು ಕಥೆಯನ್ನು ಅನುಸರಿಸಿ ಬರೆದೆನೆಂದು ಫಿಂಗರ್ ಮುಂದೆ ಸ್ವತಃ ಒಪ್ಪಿಕೊಂಡ. ಪಡೆದದ್ದನ್ನು ಪಡೆದೆನೆಂದು ಹೇಳುವುದರಿಂದ ಯಾರೂ ಸಣ್ಣವರಾಗುವುದಿಲ್ಲ.

ಕಾಮಿಕ್ಸ್ ಲೇಖಕನ ಕೆಲಸ

ಚಿತ್ರಕಥೆಯಲ್ಲಿ ಎಲ್ಲವನ್ನೂ ಚಿತ್ರಕಾರನೇ ಮಾಡುತ್ತಾನೆ, ಲೇಖಕನಿಗೆ ನಾಲ್ಕು ಮಾತು ಬರೆಯುವುದಷ್ಟೇ ಕೆಲಸ ಎಂಬ ತಿಳಿವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಯಾವ ಪುಟದಲ್ಲಿ ಎಷ್ಟು ಚೌಕ, ಒಂದೊಂದು ಚೌಕದಲ್ಲಿ ಏನು ಕಾಣಬೇಕು, ಯಾರು ಏನು ಮಾತನಾಡಬೇಕು, ಪುಟ ಮಗುಚುವ ಮುನ್ನ ಓದುಗನನ್ನು ಯಾವ ಕುತೂಹಲದಲ್ಲಿ ನಿಲ್ಲಿಸಬೇಕು - ಇವೆಲ್ಲ ಲೇಖಕನ ಬರಹದಲ್ಲಿ ಮೊದಲೇ ಇರುತ್ತವೆ. ಅದನ್ನು ನೋಡಿ ಒಬ್ಬ ಪೆನ್ಸಿಲ್‌ನಲ್ಲಿ ಚಿತ್ರ ಬರೆಯುತ್ತಾನೆ, ಇನ್ನೊಬ್ಬ ಶಾಯಿ ತೀಡುತ್ತಾನೆ, ಮತ್ತೊಬ್ಬ ಅಕ್ಷರ ಬರೆಯುತ್ತಾನೆ, ಮಗದೊಬ್ಬ ಬಣ್ಣ ಗುರುತಿಸುತ್ತಾನೆ. ಐದಾರು ಕೈ ಸೇರಿ ಆಗುವ ಕೆಲಸ ಅದು.

ಫಿಂಗರ್ ಸದಾ ಟಿಪ್ಪಣಿ ಪುಸ್ತಕಗಳನ್ನು ಇಟ್ಟುಕೊಂಡಿರುತ್ತಿದ್ದ. ಓದಿದ್ದು, ಕೇಳಿದ್ದು, ದಾರಿಯಲ್ಲಿ ಕಂಡ ವಿಚಿತ್ರ ಸಂಗತಿ ಎಲ್ಲವೂ ಅದಕ್ಕೆ ಏರುತ್ತಿದ್ದವು. ಮುಂದೊಂದು ದಿನ ಅದರಲ್ಲಿನ ಒಂದು ಸಾಲು ಕಥೆಯ ತಿರುವಾಗುತ್ತಿತ್ತು. ಕಥೆಯಲ್ಲಿ ಯಂತ್ರವೋ ಹಡಗೋ ಬಂದರೆ ನ್ಯಾಷನಲ್ ಜಿಯಾಗ್ರಫಿಕ್‌ನಂಥ ಪತ್ರಿಕೆಗಳಿಂದ ಚಿತ್ರ ಹುಡುಕಿ ತನ್ನ ಬರಹದ ಜೊತೆಗೆ ಸೇರಿಸಿ ಕಳುಹಿಸುತ್ತಿದ್ದ, ಚಿತ್ರಕಾರ ತಪ್ಪು ಬರೆಯಬಾರದೆಂದು. ಮನೆಯಷ್ಟು ದೊಡ್ಡ ಟೈಪ್‌ರೈಟರುಗಳ ಮೇಲೆ ನಾಯಕನೂ ಕಳ್ಳರೂ ಹೊಡೆದಾಡುವ ದೃಶ್ಯಗಳು ಅವನ ಕಥೆಗಳ ವೈಶಿಷ್ಟ್ಯವಾಗಿದ್ದವು.

ಸುಮಾರು ಕಾಲು ಶತಮಾನ ಆತ ಬ್ಯಾಟ್‌ಮನ್ ಕಥೆಗಳನ್ನು ಬರೆದ. ಬಾಲಕ ಸಂಗಾತಿ ರಾಬಿನ್, ಪೆಂಗ್ವಿನ್, ಕ್ಯಾಟ್‌ವುಮನ್, ರಿಡ್ಲರ್ ಮೊದಲಾದ ಪಾತ್ರಗಳ ಸೃಷ್ಟಿಯಲ್ಲಿ ಅವನ ಪಾಲಿದೆ. ಜೋಕರ್ ಪಾತ್ರಕ್ಕೆ ಜೆರಿ ರಾಬಿನ್ಸನ್ ಎಂಬ ತರುಣ ಚಿತ್ರಕಾರ ಇಸ್ಪೀಟಿನ ಎಲೆಯೊಂದನ್ನು ತಂದರೆ, ಫಿಂಗರ್ 1928ರ ಒಂದು ಚಲನಚಿತ್ರದ ನಟ ಕಾನ್ರಾಡ್ ಫೈಟ್‌ನ ನಗುಮುಖದ ಫೋಟೊ ತಂದ. 1940ರಲ್ಲಿ ಮಾರ್ಟಿನ್ ನೊಡೆಲ್ ಜೊತೆ ಸೇರಿ ಗ್ರೀನ್ ಲ್ಯಾಂಟರ್ನ್ ಎಂಬ ಇನ್ನೊಬ್ಬ ನಾಯಕನನ್ನೂ ರೂಪಿಸಿದ.

ದೋಷಗಳೂ ಇದ್ದವು. ಫಿಂಗರ್ ನಿಧಾನಿ. ಹೇಳಿದ ದಿನಕ್ಕೆ ಬರಹ ಕೊಡುತ್ತಿರಲಿಲ್ಲ. ಸಂಪಾದಕರು ಬೇಸರಗೊಳ್ಳುತ್ತಿದ್ದರು. ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತನ್ನದೆಂದು ಗಟ್ಟಿಯಾಗಿ ಕೇಳುವ ಸ್ವಭಾವ ಅವನದಾಗಿರಲಿಲ್ಲ. ಕೇನ್ ಹಾಗಲ್ಲ. ಬ್ಯಾಟ್‌ಮನ್ ಎಲ್ಲಿ ಪ್ರಕಟವಾದರೂ ತನ್ನ ಹೆಸರು ಇರಬೇಕೆಂದು ಪ್ರಕಾಶಕರೊಡನೆ ಲಿಖಿತ ಒಪ್ಪಂದ ಮಾಡಿಕೊಂಡ. ಕ್ರಮೇಣ ಇತರರು ಬರೆದ ಚಿತ್ರಗಳ ಕೆಳಗೂ ಅವನ ಸಹಿಯೇ ಇರುತ್ತಿತ್ತು.

ಕಾಲವೂ ಅನುಕೂಲವಾಗಿರಲಿಲ್ಲ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂದು ದೊಡ್ಡ ಪುಸ್ತಕವನ್ನೇ ಬರೆದ. ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಕೆಲವು ಊರುಗಳಲ್ಲಿ ಕಾಮಿಕ್ಸ್ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ತಾನು ಕಾಮಿಕ್ಸ್ ಬರೆಯುತ್ತೇನೆಂದು ಹೇಳಿಕೊಳ್ಳಲು ಬರಹಗಾರರೇ ನಾಚುತ್ತಿದ್ದ ದಿನಗಳಲ್ಲಿ ಹೆಸರಿಗಾಗಿ ಹೋರಾಡುವವರು ಯಾರು?

ತಡವಾಗಿ ಬಂದ ನ್ಯಾಯ

1965ರಲ್ಲಿ ನ್ಯೂಯಾರ್ಕಿನಲ್ಲಿ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನ ನಡೆಯಿತು. ಫಿಂಗರ್ ಅಲ್ಲಿ ವೇದಿಕೆಯ ಮೇಲಿದ್ದ. ಅವನಿಂದ ವಿಷಯ ಕೇಳಿ ತಿಳಿದ ಜೆರಿ ಬೇಲ್ಸ್ ಎಂಬ ಅಭಿಮಾನಿ, ಬ್ಯಾಟ್‌ಮನ್ ಹಿಂದೆ ಇನ್ನೊಬ್ಬ ಲೇಖಕನಿದ್ದಾನೆಂದು ಲೇಖನ ಬರೆದು ಹಂಚಿದ. ಕೇನ್ ಕೆರಳಿದ. ಎಲ್ಲವೂ ತನ್ನದೇ ಸೃಷ್ಟಿಯೆಂದು ಬಹಿರಂಗ ಪತ್ರ ಬರೆದ. 1966ರ ಅಕ್ಟೋಬರಿನಲ್ಲಿ ಪ್ರಸಾರವಾದ ಬ್ಯಾಟ್‌ಮನ್ ಟಿ.ವಿ. ಧಾರಾವಾಹಿಯ ಒಂದು ಜೋಡಿ ಕಂತಿನಲ್ಲಿ ಮಾತ್ರ, ಗೆಳೆಯ ಚಾರ್ಲ್ಸ್ ಸಿಂಕ್ಲೇರ್ ಜೊತೆಗೆ, ಲೇಖಕನೆಂದು ಫಿಂಗರನ ಹೆಸರು ಬಂತು. ಬದುಕಿದ್ದಾಗ ಬ್ಯಾಟ್‌ಮನ್ ಕಥೆಯೊಂದಕ್ಕೆ ಅವನಿಗೆ ಹೀಗೆ ಹೆಸರು ಸಿಕ್ಕಿದ್ದು ಅದೊಂದೇ ಸಲ.

1974ರ ಜನವರಿಯಲ್ಲಿ, 59ನೇ ವಯಸ್ಸಿನಲ್ಲಿ, ಫಿಂಗರ್ ಬಡತನದಲ್ಲೇ ತೀರಿಕೊಂಡ. ಮಗ ಫ್ರೆಡ್ ತಂದೆಯ ಚಿತಾಭಸ್ಮವನ್ನು ಆರೆಗಾನ್ ರಾಜ್ಯದ ಕಡಲ ತೀರಕ್ಕೆ ಒಯ್ದು, ಮರಳಿನ ಮೇಲೆ ಬಾವಲಿಯ ಆಕಾರದಲ್ಲಿ ಹರಡಿದ. ಅಲೆಗಳು ಬಂದು ಅದನ್ನು ಕೊಂಡೊಯ್ದವು.

ಮರುವರ್ಷ, 1975ರಲ್ಲಿ, ಸೂಪರ್‌ಮನ್‌ನನ್ನು ಕೇವಲ 130 ಡಾಲರಿಗೆ ಮಾರಿಕೊಂಡಿದ್ದ ಸೀಗೆಲ್ ಮತ್ತು ಶುಸ್ಟರ್ ಪತ್ರಿಕೆಗಳ ಮೂಲಕ ಜನರ ಮುಂದೆ ತಮ್ಮ ಕಷ್ಟ ಹೇಳಿಕೊಂಡರು. ಕಂಪನಿ ಮಣಿಯಿತು. ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ನಿವೃತ್ತಿ ವೇತನ, ಪುಸ್ತಕದಲ್ಲಿ ಮತ್ತೆ ಹೆಸರು ಸಿಕ್ಕಿದವು. ಹಾಗೆ ಬಾಯಿಬಿಟ್ಟು ಕೇಳಲು ಫಿಂಗರ್ ಉಳಿದಿರಲಿಲ್ಲ. 1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬಾಬ್ ಕೇನ್, ಫಿಂಗರನಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ವಿಷಾದಪಟ್ಟ. ಆದರೆ ಒಪ್ಪಂದ ಬದಲಾಗಲಿಲ್ಲ. 1998ರಲ್ಲಿ ಕೇನ್ ಕೂಡ ತೀರಿಕೊಂಡ.

ಹಳೆಯ ಸಹೋದ್ಯೋಗಿಯನ್ನು ಮರೆಯದಿದ್ದವನು ಜೆರಿ ರಾಬಿನ್ಸನ್. ಅವನ ಪ್ರಯತ್ನದಿಂದ 2005ರಲ್ಲಿ ಸ್ಯಾನ್ ಡಿಯೆಗೊ ನಗರದ ಕಾಮಿಕ್ಸ್ ಸಮ್ಮೇಳನದಲ್ಲಿ ಬಿಲ್ ಫಿಂಗರ್ ಪ್ರಶಸ್ತಿ ಸ್ಥಾಪನೆಯಾಯಿತು. ತಕ್ಕ ಮನ್ನಣೆ ಸಿಗದ ಕಾಮಿಕ್ಸ್ ಲೇಖಕರಿಗೆ ಅದು ಮೀಸಲು.

ಆಮೇಲೆ ಬಂದವನು ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಮಕ್ಕಳ ಸಾಹಿತಿ. ಫಿಂಗರನ ಬಗ್ಗೆ ಪುಸ್ತಕ ಬರೆಯಹೊರಟವನಿಗೆ ಸಿಕ್ಕಿದ ಫೋಟೊಗಳು ಬೆರಳೆಣಿಕೆಯಷ್ಟು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬಿಲ್ ಫಿಂಗರ್ ಇರಲೇ ಇಲ್ಲ, ಏಕೆಂದರೆ ಅಲ್ಲಿದ್ದವನು ಮಿಲ್ಟನ್ ಫಿಂಗರ್! ದಾಖಲೆಗಳನ್ನು ಶೋಧಿಸುತ್ತ, ಸಿಕ್ಕಸಿಕ್ಕವರಿಗೆಲ್ಲ ದೂರವಾಣಿ ಮಾಡುತ್ತ ಹೋದ ಆತ ಕೊನೆಗೆ ಫಿಂಗರನ ಮೊಮ್ಮಗಳು ಅಥೀನಾಳನ್ನು ಪತ್ತೆ ಮಾಡಿದ. ಫಿಂಗರನಿಗೆ ಕಾನೂನುಬದ್ಧ ವಾರಸುದಾರರು ಇದ್ದಾರೆಂಬುದು ಆಗ ಹೊರಬಂತು. 2012ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಮೊಮ್ಮಗಳು ತಾತನ ಹೆಸರಿಗಾಗಿ ಕಂಪನಿಯನ್ನು ಕೇಳಿದಳು. 2015ರ ಸೆಪ್ಟೆಂಬರಿನಲ್ಲಿ ಡಿ.ಸಿ. ಸಂಸ್ಥೆ ಫಿಂಗರನ ಹೆಸರು ಸೇರಿಸಲು ಒಪ್ಪಿತು. 2016ರಲ್ಲಿ ತೆರೆಕಂಡ ಬ್ಯಾಟ್‌ಮನ್-ಸೂಪರ್‌ಮನ್ ಚಿತ್ರದಲ್ಲಿ ಬಾಬ್ ಕೇನ್ ಹೆಸರಿನ ಜೊತೆಗೆ ಬಿಲ್ ಫಿಂಗರ್ ಹೆಸರನ್ನೂ ಪ್ರೇಕ್ಷಕರು ಓದಿದರು. 2017ರ ಡಿಸೆಂಬರಿನಲ್ಲಿ ಬ್ರಾಂಕ್ಸ್‌ನ ಒಂದು ರಸ್ತೆಗೂ ಅವನ ಹೆಸರಿಟ್ಟರು. ಅದರ ಪಕ್ಕದ ಪೋ ಉದ್ಯಾನದ ಬೆಂಚಿನ ಮೇಲೆ ಕುಳಿತೇ ಇಬ್ಬರು ತರುಣರು ಒಂದು ಕಾಲದಲ್ಲಿ ಬ್ಯಾಟ್‌ಮನ್ ಕಥೆಗಳನ್ನು ಚರ್ಚಿಸುತ್ತಿದ್ದರು.

ಬ್ಯಾಟ್‌ಮನ್‌ಗೆ ಕೈಗವಸು ತೊಡಿಸಿ ಬೆರಳ ಗುರುತು ಉಳಿಯದಂತೆ ಮಾಡಿದವನ ಗುರುತು ಪತ್ತೆಯಾಗಲು ಇಷ್ಟು ವರ್ಷ ಬೇಕಾಯಿತು.

ಈ ಕಥೆಯಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಎರಡು. ಒಂದು, ಬಾವಲಿಯ ಬಗ್ಗೆ ಬರೆಯುವ ಮುನ್ನ ನಿಘಂಟು ತೆಗೆದು ಬಾವಲಿಯನ್ನು ನೋಡುವ ಅಭ್ಯಾಸ, ಮತ್ತು ಕಂಡದ್ದನ್ನು ಬರೆದಿಡಲು ಒಂದು ಟಿಪ್ಪಣಿ ಪುಸ್ತಕ. ಎರಡು, ನಾಲ್ವರು ಕೂಡಿ ವಿಜ್ಞಾನ ಮಾದರಿ ಮಾಡಿದರೆ ಅದರ ಮೇಲಿನ ಚೀಟಿಯಲ್ಲಿ ನಾಲ್ವರ ಹೆಸರೂ ಇರಬೇಕು; ತಂತಿ ಸುತ್ತಿದವನದೂ, ಸೂತ್ರ ಹುಡುಕಿದವಳದೂ. ವೇದಿಕೆ ಹತ್ತಿ ಮಾತನಾಡಿದವನದು ಮಾತ್ರವಲ್ಲ. ಇನ್ನು ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳು ಬಹುಮಾನ ತಂದಾಗ 'ಎಷ್ಟನೇ ಸ್ಥಾನ' ಎಂದು ಕೇಳುವ ಮೊದಲು 'ನಿನ್ನ ಜೊತೆ ಯಾರು ಯಾರು ಕೆಲಸ ಮಾಡಿದರು' ಎಂದು ಕೇಳಿ ನೋಡಿ. ಸಂಕೋಚದ ಸ್ವಭಾವದ ಮಗು ನಿಮ್ಮ ಮನೆಯಲ್ಲಿದ್ದರೆ, 'ಇದರಲ್ಲಿ ನನ್ನ ಕೆಲಸವೂ ಇದೆ' ಎಂದು ಹೇಳುವುದು ಜಂಭವಲ್ಲವೆಂದು ಅದಕ್ಕೆ ತಿಳಿಸಿಕೊಡಿ. ಫಿಂಗರನಿಗೆ ಅದನ್ನು ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ.